ಬೇಯಿಸಿದ ರೀಡಿಂಗು

ಅನ್ನಕ್ಕೆ ನೀರೆಷ್ಟು ಹಾಕಬೇಕು ಅಂತ ಗೊತ್ತಿಲ್ಲದ ಹುಡುಗರೂ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಒಂದು ಪದಾರ್ಥವನ್ನು ಮಾತ್ರ ಹದವಾಗಿ ಬೇಯಿಸುತ್ತಿದ್ದೆವು. ಅದು ಲ್ಯಾಬಿನ ರೀಡಿಂಗು. 'ರೀಡಿಂಗ್ ಕುಕ್ ಮಾಡೋದು' ಅಂತಲೇ ಅದಕ್ಕೆ ಹೆಸರು. ಸೀನಿಯರ್ ರೆಕಾರ್ಡು ತರುವುದು, ಅದರಲ್ಲಿರುವ ಗ್ರಾಫನ್ನು ನೋಡಿಕೊಂಡು ನಮ್ಮ ಗ್ರಾಫ್ ಬರೆಯುವುದು, ಆಮೇಲೆ ಗ್ರಾಫ್ ನೋಡಿಕೊಂಡು ಟೇಬಲ್ ತುಂಬುವುದು. ಪ್ರಯೋಗ ಬೇಕಾದರೆ ಕೊನೆಯಲ್ಲಿ, ಟೈಮ್ ಉಳಿದರೆ.

ಅದಕ್ಕೆ ಹೇಳಿ ಮಾಡಿಸಿದಂಥದ್ದು ಆಪ್ ಆಂಪ್‌ನ ಫ್ರೀಕ್ವೆನ್ಸಿ ರೆಸ್ಪಾನ್ಸ್. ಆಪ್ ಆಂಪ್ ಅಂದರೆ ಸಣ್ಣ ಅಲೆಯನ್ನು ದೊಡ್ಡದು ಮಾಡುವ ಚಿಪ್. ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಬರುವ ಅಲೆಗಳ ಸಂಖ್ಯೆ ಏರಿದಂತೆ ಅದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವ ಗ್ರಾಫ್ ಇದು. ಎಡದಿಂದ ಚಪ್ಪಟೆಯಾಗಿ ಹೊರಟು, ಬಲಕ್ಕೆ ಬಂದಾಗ ಮೆಲ್ಲಗೆ ಬಾಗಿ, ಜಾರುಬಂಡೆಯ ಹಾಗೆ ಇಳಿಯುವ ಗೆರೆ. ಕಣ್ಣು ಮುಚ್ಚಿಕೊಂಡು ಎಳೆಯಬಹುದು. ನನ್ನ ರೆಕಾರ್ಡಿನಲ್ಲಿರುವ ಗೆರೆಯನ್ನು ಬಿಟ್ಟು ಒಂದು ಚುಕ್ಕಿಯೂ ಆಚೀಚೆ ಇಲ್ಲ. ಹತ್ತಕ್ಕೆ ಹತ್ತು ಬಂದಿತ್ತು.

ಇಷ್ಟು ವರ್ಷವಾದ ಮೇಲೆ ಹೋದ ತಿಂಗಳು ಅದನ್ನು ನಿಜವಾಗಿ ಅಳೆದೆ. ಸುಮ್ನೆ, ಒಂದು ಭಾನುವಾರ. ಹಳೆಯ ಸಿ.ಆರ್.ಓ., ಅಂದರೆ ಅಲೆಯನ್ನು ಸ್ಕ್ರೀನಿನ ಮೇಲೆ ತೋರಿಸುವ ಆಸಿಲೋಸ್ಕೋಪ್ ಒಂದು ಮನೆಗೆ ಬಂದಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 741 ಅನ್ನುವ ಆಪ್ ಆಂಪ್ ಎರಡು ತಂದೆ. 1968ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಕಂಪನಿಯಲ್ಲಿ ಡೇವ್ ಫುಲ್ಲಗಾರ್ ರೂಪಿಸಿದ ಚಿಪ್ ಇದು. ಅದಕ್ಕಿಂತ ಚೆನ್ನಾಗಿರುವವು ಎಷ್ಟೋ ಬಂದು ಹೋದವು, ಕಾಲೇಜುಗಳು ಮಾತ್ರ ಇದನ್ನು ಬಿಟ್ಟಿಲ್ಲ. ಜೇಡಕ್ಕಿರುವಷ್ಟೇ ಕಾಲು, ಎಂಟು. ನಾಲ್ಕನೇ ಕಾಲಿಗೆ ಮೈನಸ್ 15 ವೋಲ್ಟ್, ಏಳನೇ ಕಾಲಿಗೆ ಪ್ಲಸ್ 15. ಅದಲುಬದಲಾದರೆ ಒಂದು ವಾಸನೆ ಬರುತ್ತದೆ. ಒಮ್ಮೆ ಮೂಸಿದವರು ಮರೆಯುವುದಿಲ್ಲ. ಎರಡು ಚಿಪ್ ತಂದದ್ದು ಅದಕ್ಕೇ.

ಕೆಲಸ ಏನು ಅಂದರೆ, ಒಂದು ಕಿಲೋ ಓಮ್, ಹತ್ತು ಕಿಲೋ ಓಮ್ ಎರಡು ರೆಸಿಸ್ಟರ್ ಹಾಕಿ, ಒಳಗೆ ಬಂದದ್ದನ್ನು ತಲೆಕೆಳಗು ಮಾಡಿ ಹತ್ತು ಪಟ್ಟು ಹಿಗ್ಗಿಸುವ ಹಾಗೆ ಕೂರಿಸುವುದು. ಆಮೇಲೆ ಅದಕ್ಕೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ವೇಗದಲ್ಲಿ ಕೇಳುತ್ತಾ ಹೋಗುವುದು. ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಮಗ್ಗಿ ಕೇಳುತ್ತಿದ್ದರಲ್ಲ, ಹಾಗೆ. ನಿಧಾನಕ್ಕೆ ಕೇಳಿದರೆ ಹುಡುಗ ಗಟ್ಟಿಯಾಗಿ ಒಪ್ಪಿಸುತ್ತಾನೆ. ಬೇಗ ಬೇಗ ಕೇಳಿದರೆ ದನಿ ಸಣ್ಣದಾಗುತ್ತದೆ, ಉತ್ತರವೂ ಒಂದು ಗಳಿಗೆ ತಡ. ಸರ್ಕ್ಯೂಟೂ ಅಷ್ಟೇ. ಫ್ರೀಕ್ವೆನ್ಸಿ ಏರಿದಂತೆ ಗೇನ್, ಅಂದರೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು, ಇಳಿಯುತ್ತದೆ, ಜೊತೆಗೆ ಅಲೆ ಹಿಂದೆ ಬೀಳುತ್ತದೆ. ಹತ್ತು ಪಟ್ಟು ಇದ್ದದ್ದು ಏಳು ಪಟ್ಟಿಗೆ ಬರುವ ಜಾಗಕ್ಕೆ ಮೂರು ಡೆಸಿಬೆಲ್ ಇಳಿದ ಜಾಗ ಅನ್ನುತ್ತಾರೆ. ಬ್ಯಾಂಡ್‌ವಿಡ್ತ್ ಅಂದರೆ ಅಲ್ಲಿಯವರೆಗೆ.

ಕೇಳುವ ವೇಗವನ್ನು ಒಂದೊಂದೇ ಹೆಜ್ಜೆ ಏರಿಸಿದರೆ ಆಯುಷ್ಯ ಸಾಲದು. 10, 20, 50, 100, 200, 500 ಹರ್ಟ್ಸ್ ಹೀಗೆ ಜಿಗಿಯಬೇಕು. ಸೆಮಿಲಾಗ್ ಹಾಳೆಯಲ್ಲಿ ಇವು ಹೆಚ್ಚುಕಮ್ಮಿ ಸಮ ದೂರದಲ್ಲಿ ಕೂರುತ್ತವೆ. ಮೊದಲ ಸಲ ಆ ಹಾಳೆ ನೋಡಿದವರಿಗೆ ಪ್ರಿಂಟಿಂಗ್ ತಪ್ಪಿದೆ ಅನ್ನಿಸುತ್ತದೆ. ಒಂದರಿಂದ ಎರಡಕ್ಕೆ ಅಷ್ಟು ಜಾಗ, ಒಂಬತ್ತರಿಂದ ಹತ್ತಕ್ಕೆ ಉಸಿರಾಡಲೂ ಜಾಗವಿಲ್ಲ. ಆದರೆ ನಮ್ಮ ಕಿವಿಯ ಲೆಕ್ಕವೂ ಹೀಗೇ. ಮಂದ್ರದ ಸ ಇಂದ ಮಧ್ಯದ ಸ ಗೆ ಫ್ರೀಕ್ವೆನ್ಸಿ ಎರಡು ಪಟ್ಟು, ಅಲ್ಲಿಂದ ತಾರದ ಸ ಗೆ ಮತ್ತೆ ಎರಡು ಪಟ್ಟು. ಕೇಳುವವರಿಗೆ ಎರಡೂ ಒಂದೇ ಅಂತರ. ಹಾಡುವವರು ಈ ಹಾಳೆಯನ್ನು ಗಂಟಲಲ್ಲೇ ಇಟ್ಟುಕೊಂಡಿರುತ್ತಾರೆ.

ಸರಿ, ಅಳೆಯಲು ಕೂತೆ. ಅಲೆ ಕಣ್ಣಿಗೆ ದೊಡ್ಡದಾಗಿ ಕಾಣಲಿ ಅಂತ ಒಂದು ವೋಲ್ಟ್ ಒಳಗೆ ಕೊಟ್ಟೆ. ಹೊರಗೆ ಹತ್ತು ವೋಲ್ಟ್. ಸ್ಕ್ರೀನ್ ತುಂಬಾ ಹಸಿರು ಅಲೆ, ನೋಡಲು ಹಬ್ಬ. ಒಂದು ಕಿಲೋಹರ್ಟ್ಸ್, ಎರಡು, ಐದು, ಎಲ್ಲ ಕಡೆ ಹತ್ತಕ್ಕೆ ಹತ್ತು. ಹತ್ತು ಕಿಲೋಹರ್ಟ್ಸಿಗೆ ಬಂದಾಗ ಅಲೆಯ ಮುಖ ಯಾಕೋ ಸಪ್ಪೆ ಅನ್ನಿಸಿತು. ಎತ್ತರ ಅಷ್ಟೇ ಇದೆ, ಆದರೆ ಪಕ್ಕೆಗಳ ತುಂಬು ಹೋಗಿ ಗೆರೆ ನೆಟ್ಟಗಾಗುತ್ತಿದೆ. ನಾಬ್ ಇನ್ನಷ್ಟು ತಿರುಗಿಸಿದೆ. ಹದಿನೈದರ ಹೊತ್ತಿಗೆ ಅಲೆ ಹೋಗಿ ಸಾಲು ಗುಡಿಸಲು ಬಂತು, ಪಕ್ಕಾ ತ್ರಿಕೋನ. ಹದಿನೆಂಟಕ್ಕೆ ಹತ್ತು ವೋಲ್ಟ್ ಇದ್ದದ್ದು ಏಳಕ್ಕೆ ಇಳಿಯಿತು.

ರೆಕಾರ್ಡ್ ತೆಗೆದು ನೋಡಿದೆ. ಅಲ್ಲಿ ಆ ಜಾಗ 100 ಕಿಲೋಹರ್ಟ್ಸ್. ಐದು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ! ಎಸ್.ಪಿ. ರಸ್ತೆಯ ಅಂಗಡಿಯವನ ಮೇಲೆ ಅನುಮಾನ ಬಂತು. ಪಾಪ, ಅವನದೇನೂ ತಪ್ಪಿಲ್ಲ. ತಪ್ಪು ನನ್ನ ದುರಾಸೆಯದು. 741ರ ಔಟ್‌ಪುಟ್ ಒಂದು ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟಿಗಿಂತ ಬೇಗ ಏರಲಾರದು, ಇಳಿಯಲಾರದು. ಸ್ಲೂ ರೇಟ್ ಅಂದರೆ ಅದೇ. ಹತ್ತು ವೋಲ್ಟಿನ ಬೆಟ್ಟವನ್ನು ಸೆಕೆಂಡಿಗೆ ಎಂಟು ಸಾವಿರ ಸಲ ಹತ್ತಿ ಇಳಿ ಅಂದರೆ ಅದರ ಕಾಲು ಅಲ್ಲಿಗೇ ನಿಂತಿತು. ಆಮೇಲೆ ಇರುವ ಒಂದೇ ವೇಗದಲ್ಲಿ ಹತ್ತಿ, ಅರ್ಧದಲ್ಲೇ ತಿರುಗಿ ಇಳಿಯುತ್ತದೆ. ಅದೇ ತ್ರಿಕೋನ. ನಾನು ಅಳೆಯಬೇಕಿದ್ದದ್ದು ಅದರ ಕಿವಿಯನ್ನು, ಅಳೆದದ್ದು ಕಾಲನ್ನು.

ಎಲ್ಲ ಅಳಿಸಿ ಮತ್ತೆ ಶುರು ಮಾಡಿದೆ. ಈ ಸಲ ಒಳಗೆ ಕೊಟ್ಟದ್ದು 50 ಮಿಲಿವೋಲ್ಟ್, ಹೊರಗೆ ಅರ್ಧ ವೋಲ್ಟ್. ಒಂದು ಪ್ರೋಬ್ ಇನ್‌ಪುಟ್ಟಿನ ಮೇಲೂ ಇಟ್ಟೆ. ಅಲೆ ಹುಟ್ಟಿಸಿ ಕೊಡುವ ಜನರೇಟರ್ ಡಯಲಿನ ಮಾತು ನಂಬುವ ಹಾಗಿಲ್ಲ, ಒಂದು ಕಿಲೋ ಓಮ್ ಭಾರ ಬಿದ್ದರೆ ಅದೂ ಸ್ವಲ್ಪ ಕುಸಿಯುತ್ತದೆ. ಈಗ ಅಲೆ ಕೊನೆಯವರೆಗೂ ಅಲೆಯಾಗಿಯೇ ಇತ್ತು. 94 ಕಿಲೋಹರ್ಟ್ಸ್ ಹತ್ತಿರ 0.35 ವೋಲ್ಟ್, ಅಂದರೆ ಏಳು ಪಟ್ಟು. ಸಿಕ್ಕಿತು!

ಆದರೆ ರೆಕಾರ್ಡಿನಲ್ಲಿ ಸರಿಯಾಗಿ 100 ಇದೆಯಲ್ಲ, ಅದು ಎಲ್ಲಿಂದ ಬಂತು? ಚಹಾ ಕುಡಿಯುತ್ತಾ ಯೋಚಿಸಿದಾಗ ನಗು ಬಂತು. 741ರಲ್ಲಿ ಗೇನನ್ನೂ ಬ್ಯಾಂಡ್‌ವಿಡ್ತನ್ನೂ ಗುಣಿಸಿದರೆ ಸುಮಾರು ಹತ್ತು ಲಕ್ಷ ಹರ್ಟ್ಸ್ ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಯಾವನೋ ಮೂಲ ಬಾಣಸಿಗ ಅದನ್ನು ಹತ್ತರಿಂದ ಭಾಗಿಸಿದ್ದಾನೆ. ಒಂದು ಲಕ್ಷ. ಚೊಕ್ಕ. ಆದರೆ ತಲೆಕೆಳಗು ಮಾಡುವ ಈ ಸರ್ಕ್ಯೂಟಿನಲ್ಲಿ ಔಟ್‌ಪುಟ್ಟಿನಿಂದ ಹಿಂದಕ್ಕೆ ಬರುವುದು ಹತ್ತರಲ್ಲಿ ಒಂದು ಪಾಲಲ್ಲ, ಹನ್ನೊಂದರಲ್ಲಿ ಒಂದು. ಹತ್ತು ಕಿಲೋ ಓಮಿನ ಜೊತೆ ಆ ಒಂದು ಕಿಲೋ ಓಮೂ ಸಾಲಿನಲ್ಲಿ ನಿಂತಿದೆಯಲ್ಲ. ಹಾಗಾಗಿ ಭಾಗಿಸಬೇಕಾದದ್ದು ಹನ್ನೊಂದರಿಂದ. ಬರಬೇಕಾದದ್ದು 91ರ ಆಸುಪಾಸು, ಚಿಪ್ಪಿನಿಂದ ಚಿಪ್ಪಿಗೆ ಸ್ವಲ್ಪ ಆಚೀಚೆ. ನಮ್ಮ ಕಾಲೇಜಿನಲ್ಲಿ ಬ್ಯಾಚಿನಿಂದ ಬ್ಯಾಚಿಗೆ ಸಾಗಿ ಬಂದ ಆ ನೂರು ಒಲೆಯ ಮೇಲೇ ಹುಟ್ಟಿದ್ದು. ತಿದ್ದುವವರಿಗೂ ಅದು ಗೊತ್ತಿತ್ತೋ ಏನೋ. ಗೊತ್ತಿದ್ದರೆ ಅವರ ತಾಳ್ಮೆ ದೊಡ್ಡದು.

ಈ ಚಿಪ್ಪಿಗೆ ಸ್ವಂತ ಶಕ್ತಿ ಕಡಿಮೆಯೇನಿಲ್ಲ. ಸುಮ್ಮನೆ ಬಿಟ್ಟರೆ ಎರಡು ಲಕ್ಷ ಪಟ್ಟು ಹಿಗ್ಗಿಸುತ್ತದೆ. ಆದರೆ ಅದು ಐದು ಹರ್ಟ್ಸಿನ ತನಕ ಮಾತ್ರ. ಅಲ್ಲಿಂದಲೇ ಇಳಿಜಾರು. ಹಾಗೆ ಇಳಿಯಲಿ ಅಂತಲೇ ಒಳಗೆ 30 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಇಟ್ಟಿದ್ದಾರೆ, ಗೂಳಿಗೆ ಮೂಗುದಾರ ಹಾಕಿದ ಹಾಗೆ. ಇಲ್ಲದಿದ್ದರೆ ಫೀಡ್‌ಬ್ಯಾಕ್ ಕೊಟ್ಟ ತಕ್ಷಣ ತಾನೇ ಕೂಗಲು ಶುರು ಮಾಡುತ್ತದೆ. ಔಟ್‌ಪುಟ್ಟಿನ ಒಂದು ಪಾಲನ್ನು ಹಿಂದಕ್ಕೆ ಕೊಟ್ಟು, ಬೇಡದ ಗೇನನ್ನು ಕೊಂದು, ನಡತೆ ಸರಿ ಮಾಡುವ ಉಪಾಯ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್‌ಗೆ ಹೊಳೆದದ್ದು 1927ರ ಆಗಸ್ಟ್ 2ರಂದು, ಹಡ್ಸನ್ ನದಿ ದಾಟುವ ದೋಣಿಯಲ್ಲಿ, ಕೆಲಸಕ್ಕೆ ಹೋಗುವಾಗ. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಹಾಳೆಯ ಮೇಲೇ ಗೀಚಿಕೊಂಡನಂತೆ. ನಮ್ಮ ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ನಿಂತುಕೊಂಡು ಅಷ್ಟು ಬರೆಯುವುದು ಕಷ್ಟ.

ಈಗಿನ ಸ್ಕೋಪುಗಳಲ್ಲಿ ಕೆಲವು ಒಂದು ಗುಂಡಿ ಒತ್ತಿದರೆ ಇಡೀ ಗ್ರಾಫನ್ನು ತಾವೇ ಬರೆದುಬಿಡುತ್ತವೆ. ನನ್ನದು ಹಾಗಲ್ಲ. ಒಂದೊಂದೇ ನಾಬ್ ತಿರುಗಿಸಿ, ಚೌಕ ಎಣಿಸಿ, ಪೆನ್ಸಿಲಲ್ಲಿ ಬರೆಯುತ್ತಾ ಬಂದೆ. ಕೆಳಗಿನ ಕೊನೆ ಬಾಕಿ ಇತ್ತು. 200, 100, ಸಲೀಸು. 50ಕ್ಕೆ ತಂದೆ.

ಅಲೆ ಉಸಿರಾಡುತ್ತಿತ್ತು. ನಿಜವಾಗಿ. ಎತ್ತರ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ, ನಿದ್ದೆ ಮಾಡುವ ಮಗುವಿನ ಎದೆಯ ಹಾಗೆ. ಪ್ರೋಬ್ ಅಲುಗಾಡಿಸಿದೆ, ನಿಲ್ಲಲಿಲ್ಲ. ಆಮೇಲೆ ಹೊಳೆಯಿತು. ಗೋಡೆಯೊಳಗಿನ ಕರೆಂಟೂ 50 ಹರ್ಟ್ಸ್. ಬ್ರೆಡ್‌ಬೋರ್ಡಿನ ತಂತಿಗಳು ಅದನ್ನು ಚೂರು ಹಿಡಿದುಕೊಂಡಿವೆ. ನನ್ನ 50ಕ್ಕೂ ಮನೆಯ 50ಕ್ಕೂ ಕೂದಲೆಳೆಯ ವ್ಯತ್ಯಾಸ, ಹಾಗಾಗಿ ಎರಡೂ ಒಮ್ಮೆ ಕೂಡುತ್ತವೆ, ಒಮ್ಮೆ ಕಳೆಯುತ್ತವೆ. ಫ್ಯಾನ್ ಆರಿಸಿದೆ, ಟ್ಯೂಬ್‌ಲೈಟ್ ಆರಿಸಿದೆ. ಕತ್ತಲಲ್ಲಿ ಹಸಿರು ಗೆರೆ ಇನ್ನೂ ಉಸಿರಾಡುತ್ತಲೇ ಇತ್ತು.

ರೆಕಾರ್ಡಿನಲ್ಲಿ 50 ಹರ್ಟ್ಸಿನ ಎದುರಿಗೆ 20 ಡೆಸಿಬೆಲ್, ಅಂದರೆ ಸರಿಯಾಗಿ ಹತ್ತು ಪಟ್ಟು, ಅಂತ ಮುತ್ತಿನಂಥ ಅಕ್ಷರದಲ್ಲಿದೆ. ಹೊಸ ಟೇಬಲ್‌ನ ಆ ಖಾನೆಯಲ್ಲಿ ನಾನು 0.49 ಅಂತ ಬರೆದೆ, ಪಕ್ಕದಲ್ಲಿ ಒಂದು ಗೀಟು ಹಾಕಿ 0.51 ಅಂತಲೂ ಬರೆದೆ. ಜಾಗ ಸಾಲದೆ ಕೊನೆಯ ಅಂಕಿ ಪಕ್ಕದ ಖಾನೆಗೆ ಹೋಯಿತು.