ಗುಡ್ಡೆ ಬಾಡು, ದೇವರ ಪಾಲು

ಅಥೆನ್ಸಿಗೆ ಬಂದ ಹೊಸತರಲ್ಲಿ ನಾನೂ ಹೆಸರು ಜೋಡಿಸುವ ಆಟ ಆಡಿದ್ದೇನೆ. ಝ್ಯೂಸ್ ಎಂದರೆ ನಮ್ಮ ಇಂದ್ರ, ಅಕಿಲಿಸನ ಹಿಮ್ಮಡಿ ಎಂದರೆ ದುರ್ಯೋಧನನ ತೊಡೆ. ಊರಿನಿಂದ ಬಂದ ನೆಂಟರಿಗೆ ಆಕ್ರೊಪೊಲಿಸ್ ತೋರಿಸುವಾಗ ಇದು ಸಲೀಸು. ಆದರೆ ಜೋಡಣೆ ಮೊದಲ ಹೆಜ್ಜೆಗೇ ಮುಗ್ಗರಿಸುತ್ತದೆ. ಸಿಡಿಲು ಹಿಡಿದವನೆಂದು ಝ್ಯೂಸನನ್ನು ಇಂದ್ರನ ಪಕ್ಕ ಕೂರಿಸುತ್ತೇವೆ; ಹೆಸರಿನ ಬೇರು ಕೆದಕಿದರೆ ಅವನ ದಾಯಾದಿ ಋಗ್ವೇದದ ದ್ಯೌಃ, ನಾವು ಪೂಜಿಸುವುದನ್ನೇ ಮರೆತ ಆಕಾಶದ ತಂದೆ.

ನನಗೆ ಹಳೆಯ ಗ್ರೀಕರು ಹತ್ತಿರವಾದದ್ದು ದೇವರಿಂದಲ್ಲ, ಬಾಡಿನಿಂದ.

ನಮ್ಮ ಮಂಡ್ಯದ ಕಡೆ ಯುಗಾದಿಯ ಮಾರನೆಯ ದಿನ ವರ್ಷತೊಡಕು. ಹತ್ತಾರು ಮನೆಯವರು ದುಡ್ಡು ಕೂಡಿಸಿ ಮರಿ ತಂದು, ಕೊಯ್ದು, ಗುಡ್ಡೆ ಹಾಕುತ್ತಾರೆ. ಮೂಳೆ, ಕೊಬ್ಬು, ಈಲಿ ಎಲ್ಲ ಗುಡ್ಡೆಗೂ ಸಮನಾಗಿ ಬೀಳಬೇಕು. ಸುತ್ತ ನಿಂತವರ ಕಣ್ಣೆಲ್ಲ ಗುಡ್ಡೆ ಹಾಕುವವನ ಕೈಯ ಮೇಲೆ.

ಹೆಸಿಯಡ್ ಕವಿ ಹೇಳುವ ಕಥೆಯಲ್ಲಿ ಮೆಕೋನೆ ಎಂಬಲ್ಲಿ ಆ ಕೈ ಮನುಷ್ಯರ ಪರ ವಹಿಸುವ ದೇವತೆ ಪ್ರೊಮಿಥಿಯಸನದು. ಎತ್ತನ್ನು ಕಡಿದು ದೇವರಿಗೊಂದು, ಮನುಷ್ಯರಿಗೊಂದು ಎಂದು ಎರಡೇ ಗುಡ್ಡೆ ಹಾಕಿದ: ಒಂದರಲ್ಲಿ ಒಳ್ಳೆಯ ಮಾಂಸ, ಮೇಲೆ ಹೊಟ್ಟೆಯ ಚೀಲದ ಮುಸುಕು, ಇನ್ನೊಂದರಲ್ಲಿ ಬರೀ ಮೂಳೆ, ಮೇಲೆ ಹೊಳೆಯುವ ಕೊಬ್ಬು. ಝ್ಯೂಸ್ ಕೊಬ್ಬಿನದನ್ನೇ ಎತ್ತಿಕೊಂಡ. ಮೋಸ ಅವನಿಗೆ ಮೊದಲೇ ಗೊತ್ತಿತ್ತು ಎಂದು ಕವಿ ಸಮಜಾಯಿಷಿ ಕೊಡುತ್ತಾನೆ, ನಾನು ನಂಬುವುದಿಲ್ಲ. ಸಿಟ್ಟಿನಲ್ಲಿ ದೇವರು ಬೆಂಕಿಯನ್ನೇ ಬಚ್ಚಿಟ್ಟ, ಪ್ರೊಮಿಥಿಯಸ್ ಅದನ್ನು ಟೊಳ್ಳು ದಂಟಿನಲ್ಲಿಟ್ಟು ಕದ್ದು ತಂದ. ಕೊನೆಗೆ ಗುಡ್ಡೆಯಲ್ಲಿ ಕೈಚಳಕ ತೋರಿದವನ ಈಲಿಯೇ ದಿನದಿನವೂ ಹದ್ದಿನ ಪಾಲಾಯಿತು.

ಅಂದಿನಿಂದ ಗ್ರೀಕರ ಬಲಿಯಲ್ಲಿ ತೊಡೆಮೂಳೆ, ಕೊಬ್ಬು, ಹೊಗೆ ದೇವರಿಗೆ, ಬಾಡು ಮನುಷ್ಯರಿಗೆ. ಆ ಪಾಲಿಗೆ ಹೋಮರನ ಭಾಷೆಯಲ್ಲಿ ‘ಮೊಯ್ರ’ ಎನ್ನುತ್ತಾರೆ. ಹಣೆಬರಹಕ್ಕೂ ಅದೇ ಮಾತು. ಪಾಲಿಗೆ ಬಂದದ್ದು ಪಂಚಾಮೃತ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವರಲ್ಲಿ ಪಂಚಾಮೃತದ ಸಮಾಧಾನವಿಲ್ಲ. ಟ್ರಾಯ್ ಯುದ್ಧದಲ್ಲಿ ಮಗ ಸಾರ್ಪೆಡಾನನ ಪಾಲು ಮುಗಿದಾಗ ಝ್ಯೂಸ್ ನೆತ್ತರಿನ ಹನಿ ಸುರಿಸಿದನೇ ಹೊರತು ಉಳಿಸಿಕೊಳ್ಳಲಿಲ್ಲ.

ನಮ್ಮ ದೇವರು ನೈವೇದ್ಯವನ್ನು ನೋಡಿ ಪೂರ್ತಿ ಹಿಂದಿರುಗಿಸುತ್ತಾನೆ, ಎಂಜಲೇ ಪ್ರಸಾದ. ಗ್ರೀಕ್ ದೇವರಿಗೆ ಹೊಗೆಯೇ ಊಟ. ಕ್ರಿ.ಪೂ. 414ರಲ್ಲಿ ಅರಿಸ್ಟೋಫೇನಿಸ್ ಆಡಿಸಿದ ಪ್ರಹಸನವೊಂದರಲ್ಲಿ ಹಕ್ಕಿಗಳು ನಡುಗಾಳಿಯಲ್ಲಿ ಪಟ್ಟಣ ಕಟ್ಟಿ ಹೊಗೆಯನ್ನು ತಡೆಯುತ್ತವೆ, ದೇವತೆಗಳು ಹಸಿದು ಸಂಧಾನಕ್ಕೆ ಬರುತ್ತಾರೆ. ಸುದ್ದಿ ಮುಟ್ಟಿಸಲು ಮೊದಲೇ ಬಂದ ಪ್ರೊಮಿಥಿಯಸ್ ಝ್ಯೂಸನ ಕಣ್ಣು ತಪ್ಪಿಸಲು ಕೊಡೆ ಹಿಡಿದಿರುತ್ತಾನೆ! ದೇವರನ್ನು ಹೀಗೆ ಆಡಿಕೊಳ್ಳುವ ಸಲುಗೆ ನನಗೆ ತುಂಬ ಇಷ್ಟ.

ಸತ್ತವರ ವಿಷಯದಲ್ಲಿ ಮಾತ್ರ ನಾನು ಊರಿನ ಪಕ್ಷ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಟ್ಟು, ಸಂಕೋಚವಿಲ್ಲದೆ ಉಣ್ಣಲೆಂದು ಕದ ಮುಂದೆಳೆದು ಹೊರಗೆ ಕೂರುತ್ತೇವೆ. ಪ್ರಾಚೀನ ಅಥೆನ್ಸಿನವರು ಅಂಥೆಸ್ಟೇರಿಯಾ ಹಬ್ಬದಲ್ಲಿ ಪ್ರೇತಗಳು ಒಳಗೆ ಬಾರದಿರಲೆಂದು ಬಾಗಿಲಿಗೆ ರಾಳ ಬಳಿಯುತ್ತಿದ್ದರು. ಮೂರನೆಯ ದಿನ ಕಾಳುಗಳನ್ನೆಲ್ಲ ಒಂದೇ ಮಡಕೆಯಲ್ಲಿ ಬೇಯಿಸಿ, ಸತ್ತವರಿಗೆ ದಾರಿ ತೋರಿಸುವ ಹರ್ಮೀಸನಿಗೆ ಅರ್ಪಿಸಿ, ‘ಹೊರಡಿ, ಅಂಥೆಸ್ಟೇರಿಯಾ ಮುಗಿಯಿತು’ ಎನ್ನುತ್ತಿದ್ದರಂತೆ. ಬಂದವರನ್ನು ಹೀಗೆ ಎಬ್ಬಿಸಿ ಕಳಿಸುವುದೇ?

ಇಂದಿನ ಅಥೆನ್ಸಿನಲ್ಲಿ ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ಬೇಯಿಸಿದ ಗೋಧಿಗೆ ದಾಳಿಂಬೆ, ದ್ರಾಕ್ಷಿ, ಸಕ್ಕರೆ ಬೆರೆಸಿ ಹಂಚುತ್ತಾರೆ, ಕೊಲಿವಾ ಎಂದು ಹೆಸರು. ಕೆಳಮನೆಯ ಅಜ್ಜಿ ಗಂಡನ ಹೆಸರಿನ ಪೊಟ್ಟಣ ಕೊಟ್ಟಾಗ ನಾನು ಅಭ್ಯಾಸಬಲದಿಂದ ಅದನ್ನು ಕಣ್ಣಿಗೊತ್ತಿಕೊಂಡೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿ, “ಕಣ್ಣಿಗಲ್ಲ, ಬಾಯಿಗೆ” ಎಂದರು.