'ರೆಸ್ಪೆಕ್ಟ್' ಹಾಡಿನಲ್ಲಿ ಅರೀಥಾ ಪಾಲು

ಅಮೆರಿಕದ 'ರೆಸ್ಪೆಕ್ಟ್' ಹಾಡಿನ ಬಗ್ಗೆ ಯಾರೇ ಬರೆಯಲಿ, ಒಂದು ಸಾಲು ಇದ್ದೇ ಇರುತ್ತದೆ: ಬರೆದವನು ಓಟಿಸ್ ರೆಡಿಂಗ್, ಹಾಡಿ ಗೆಲ್ಲಿಸಿದವಳು ಅರೀಥಾ ಫ್ರಾಂಕ್ಲಿನ್. ಈ ಸಾಲು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. 1967ರಲ್ಲಿ ಆಕೆ ಮಾಡಿದ್ದು ಬರೀ ಹಾಡುವ ಕೆಲಸವಲ್ಲ. ಇವತ್ತು ಜನರ ಬಾಯಲ್ಲಿ ಉಳಿದಿರುವ ಭಾಗಗಳಲ್ಲಿ ಹೆಚ್ಚಿನವು ಓಟಿಸ್ ಬರೆದ ಹಾಡಿನಲ್ಲಿ ಇರಲೇ ಇಲ್ಲ.

ಓಟಿಸ್‌ನನ್ನು ಕೆಳಗಿಡುವ ಉದ್ದೇಶ ನನಗಿಲ್ಲ. 1965ರಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ರೆಕಾರ್ಡ್ ಕಂಪನಿಗೆ ಆತ ಹಾಡಿದ್ದನ್ನು ಕೇಳಿ. ಸ್ಯಾಕ್ಸೊಫೋನು, ಟ್ರಂಪೆಟ್ಟುಗಳು ಹಿಂದಿನಿಂದ ತಳ್ಳುತ್ತಿರುತ್ತವೆ, ಈತ ಓಡುತ್ತಲೇ ಹಾಡುತ್ತಿದ್ದಾನೇನೋ ಅನ್ನಿಸುತ್ತದೆ. ಹಾಡಿನಲ್ಲಿರುವುದು ದುಡಿದು ಮನೆಗೆ ಬರುವ ಗಂಡಸು. ನಾನಿಲ್ಲದಾಗ ನೀನು ಏನು ಬೇಕಾದರೂ ಮಾಡಿಕೋ, ನನ್ನ ದುಡ್ಡೂ ನಿನಗೇ, ಮನೆಗೆ ಬಂದಾಗ ಮಾತ್ರ ಒಂಚೂರು ಮರ್ಯಾದೆ ಕೊಡು ಅಂತ ಕೇಳಿಕೊಳ್ಳುತ್ತಾನೆ. ಒಳ್ಳೆಯ ಹಾಡು. ಅಮೆರಿಕದ ಪಾಪ್ ಪಟ್ಟಿಯಲ್ಲಿ 35ನೇ ಸ್ಥಾನದವರೆಗೆ ಹೋಯಿತು. ಅಲ್ಲಿಗೇ ನಿಂತಿದ್ದರೆ ಸೋಲ್ ಅನ್ನುವ, ಅಮೆರಿಕದ ಕಪ್ಪು ಜನರ ಸಂಗೀತದ ಅಭಿಮಾನಿಗಳು ಮಾತ್ರ ನೆನೆಯುವ ಹಾಡಾಗಿ ಉಳಿಯುತ್ತಿತ್ತು.

ಅರೀಥಾ ಡೆಟ್ರಾಯಿಟ್‌ನ ಪಾದ್ರಿಯೊಬ್ಬರ ಮಗಳು, ಚರ್ಚಿನಲ್ಲಿ ಹಾಡಿಕೊಂಡೇ ಬೆಳೆದವಳು. ಕೊಲಂಬಿಯಾ ಕಂಪನಿಯಲ್ಲಿದ್ದ ವರ್ಷಗಳಲ್ಲಿ ಆಕೆಯಿಂದ ನಯವಾದ ಹಳೆಯ ಹಾಡುಗಳನ್ನೇ ಹೆಚ್ಚಾಗಿ ಹಾಡಿಸಿದರು, ದೊಡ್ಡ ಹೆಸರು ಬರಲಿಲ್ಲ. ಅಟ್ಲಾಂಟಿಕ್ ಕಂಪನಿಗೆ ಬಂದ ಮೇಲೆ ನಿರ್ಮಾಪಕ ಜೆರ್ರಿ ವೆಕ್ಸ್‌ಲರ್ ಆಕೆಯನ್ನು ಪಿಯಾನೋ ಮುಂದೆ ಕೂರಿಸಿದ. ಅಲಬಾಮಾದಲ್ಲಿ ಶುರುವಾದ ಮೊದಲ ರೆಕಾರ್ಡಿಂಗ್ ಜಗಳದಲ್ಲಿ ಮುರಿದುಬಿತ್ತು. ಅಲ್ಲಿನ ವಾದ್ಯಗಾರರನ್ನೇ ನ್ಯೂಯಾರ್ಕಿಗೆ ಕರೆಸಿಕೊಂಡು ಕೆಲಸ ಮುಂದುವರಿಸಿದರು. 1967ರ ಫೆಬ್ರವರಿ 14ರಂದು 'ರೆಸ್ಪೆಕ್ಟ್' ರೆಕಾರ್ಡ್ ಆಯಿತು.

ಆಕೆ ಏನೇನು ಬದಲಿಸಿದಳು ನೋಡಿ. ಗಂಡಸಿನ ಹಾಡನ್ನು ಹೆಂಗಸು ಹಾಡುವಾಗ 'ಅವಳು' ಇದ್ದಲ್ಲಿ 'ಅವನು' ಅಂತ ತಿದ್ದಿಕೊಂಡರೆ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಅರೀಥಾ ಹಾಗೆ ಮಾಡಲಿಲ್ಲ. ನೀನಿಲ್ಲದಾಗ ನಾನು ನಿನಗೆ ಮೋಸ ಮಾಡುವುದಿಲ್ಲ, ಯಾಕೆಂದರೆ ನನಗೇ ಇಷ್ಟವಿಲ್ಲ ಅನ್ನುತ್ತಾಳೆ. ಕೊಡುವ ದುಡ್ಡೂ ಆಕೆಯದ್ದೇ. ಓಟಿಸ್‌ನ ಹಾಡಿನಲ್ಲಿ ಅಂಗಲಾಚುವ ಧಾಟಿ ಇತ್ತು, ಇಲ್ಲಿ ತಾಕೀತು ಬಂತು. ಗಂಡ ಹೆಂಡತಿಯ ನಡುವಿನ ಈ ಮಾತನ್ನು ಕಪ್ಪು ಜನರ ಹಕ್ಕಿನ ಹೋರಾಟವೂ ಮಹಿಳಾ ಚಳವಳಿಯೂ ತಮ್ಮದೇ ಮಾತೆಂದು ಎತ್ತಿಕೊಂಡವು. ಅಂಗಲಾಚುವ ಹಾಡನ್ನು ಯಾವ ಚಳವಳಿ ಎತ್ತಿಕೊಂಡೀತು?

ಸಂಗೀತಕ್ಕೆ ಬಂದರೆ, ಓಟಿಸ್‌ನದರಲ್ಲಿ ಇಲ್ಲದ ಒಂದು ತಿರುವನ್ನು ಇಲ್ಲಿ ಸೇರಿಸಿದರು. ಸ್ಯಾಮ್ ಮತ್ತು ಡೇವ್ ಜೋಡಿಯ ಇನ್ನೊಂದು ಹಾಡಿನ ಸ್ವರಮೇಳವನ್ನು ತಂದು ಅದರ ಮೇಲೆ ಕಿಂಗ್ ಕರ್ಟಿಸ್ ಸ್ಯಾಕ್ಸೊಫೋನ್ ನುಡಿಸಿದ. ಹಾಡಿನ ಶ್ರುತಿ ತಟ್ಟನೆ ಬೇರೆ ಕಡೆ ಹಾರಿ ಮತ್ತೆ ಮನೆಗೆ ಮರಳುತ್ತದೆ. ಆಮೇಲೆ ಇನ್ನೊಂದು ಚರಣ, ಅದು ಮುಗಿಯುತ್ತಿದ್ದಂತೆ ವಾದ್ಯಗಳೆಲ್ಲ ಗಕ್ಕನೆ ನಿಲ್ಲುತ್ತವೆ. ಆ ಖಾಲಿಯಲ್ಲಿ ಆಕೆ ಆರ್-ಇ-ಎಸ್-ಪಿ-ಇ-ಸಿ-ಟಿ ಅಂತ ಒಂದೊಂದೇ ಅಕ್ಷರ ಎಸೆಯುತ್ತಾಳೆ. ಬೆನ್ನಿಗೇ ಅಕ್ಕ ಅರ್ಮಾ, ತಂಗಿ ಕ್ಯಾರೊಲಿನ್ ಇಬ್ಬರೂ 'ಸಾಕ್ ಇಟ್ ಟು ಮಿ' ಅಂತ ಉಸಿರು ಬಿಡದೆ ಮತ್ತೆ ಮತ್ತೆ ಕುಟ್ಟುತ್ತಾರೆ. ಓಟಿಸ್‌ನ ಹಾಡಿನಲ್ಲಿ ಅಕ್ಷರ ಬಿಡಿಸಿ ಹೇಳುವುದೂ ಇಲ್ಲ, ಆ ಕುಟ್ಟುವಿಕೆಯೂ ಇಲ್ಲ. ಆದರೆ ಈ ಹಾಡೆಂದರೆ ಇವತ್ತು ಮೊದಲು ನೆನಪಾಗುವುದು ಅದೇ ತಾನೆ?

ಜೂನ್‌ನಲ್ಲಿ ಹಾಡು ಅಮೆರಿಕದ ಪಟ್ಟಿಯಲ್ಲಿ ಎರಡು ವಾರ ಒಂದನೇ ಸ್ಥಾನದಲ್ಲಿತ್ತು. ಅದೇ ತಿಂಗಳು ಮಾಂಟೆರೆ ಸಂಗೀತ ಉತ್ಸವದ ವೇದಿಕೆಯಲ್ಲಿ ಓಟಿಸ್, ಈ ಹಾಡನ್ನು ಒಬ್ಬಳು ಹುಡುಗಿ ನನ್ನಿಂದ ಕಿತ್ತುಕೊಂಡಳು ಅಂತ ಜನರ ಮುಂದೆ ಪ್ರೀತಿಯಿಂದಲೇ ಹೇಳಿದ. ದೊಡ್ಡ ಮನಸ್ಸಿನವನು. ಡಿಸೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ಹೋದಾಗ ಅವನಿಗೆ ಬರೀ 26.

ಕಾಗದದ ಮೇಲೆ ಮಾತ್ರ ಹಾಡು ಇವತ್ತಿಗೂ ಓಟಿಸ್ ಒಬ್ಬನದೇ. ಅಮೆರಿಕದಲ್ಲಿ ಎಎಂ, ಎಫ್‌ಎಂ ರೇಡಿಯೋದವರು ಹಾಡು ಹಾಕಿದರೆ ಬರೆದವರಿಗೂ ಪ್ರಕಾಶಕರಿಗೂ ದುಡ್ಡು ಕೊಡಬೇಕು, ಹಾಡಿದವರಿಗೆ ಕೊಡಬೇಕಾಗಿಲ್ಲ. ಅಂದರೆ ಆ ದೇಶದ ರೇಡಿಯೋದಲ್ಲಿ ಐವತ್ತು ವರ್ಷ ಮೊಳಗಿದ ಈ ದನಿಗೆ ಆ ಪ್ರಸಾರದಿಂದ ಒಂದು ಸೆಂಟೂ ಇಲ್ಲ. ಓಟಿಸ್‌ನ ಮನೆಯವರಿಗೆ ದುಡ್ಡು ಹೋಗುವುದು ನ್ಯಾಯವೇ, ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ರೇಡಿಯೋ ಮಾಲೀಕರ ಮೇಲೆ. ನಾವು ಹಾಡು ಹಾಕುವುದೇ ಗಾಯಕರಿಗೆ ಪುಕ್ಕಟೆ ಪ್ರಚಾರ ಅನ್ನುವುದು ಅವರ ಹಳೇ ವಾದ. ಹೊಸದಾಗಿ ಬಂದ ಗಾಯಕಿಯ ವಿಷಯದಲ್ಲಿ ಅದನ್ನು ಒಪ್ಪೋಣ. ಆದರೆ 2010ರಲ್ಲಿ ಅರೀಥಾಗೆ ಯಾವ ಪ್ರಚಾರ ಬೇಕಿತ್ತು? ಆಕೆಯ ದನಿ ತೋರಿಸಿ ಜಾಹೀರಾತು ಮಾರಿಕೊಂಡವರು ಇವರು.

1995ರ ಕಾನೂನಿನಿಂದ ಡಿಜಿಟಲ್ ಪ್ರಸಾರದಲ್ಲಿ ಹಾಡುವವರಿಗೂ ಪಾಲು ಸಿಗುವಂತಾಯಿತು. ಆದರೆ 1972ರ ಫೆಬ್ರವರಿ 15ಕ್ಕಿಂತ ಹಿಂದಿನ ರೆಕಾರ್ಡುಗಳು ಅದರ ಹೊರಗೇ ಉಳಿದವು. ಅಂದರೆ 'ರೆಸ್ಪೆಕ್ಟ್' ಕೂಡ ಹೊರಗೆ. ಅದನ್ನು ಸರಿಪಡಿಸಿದ ಮ್ಯೂಸಿಕ್ ಮಾಡರ್ನೈಸೇಷನ್ ಆಕ್ಟ್‌ಗೆ ಸಹಿ ಬಿದ್ದದ್ದು 2018ರ ಅಕ್ಟೋಬರ್ 11ಕ್ಕೆ. ಅರೀಥಾ ತೀರಿಕೊಂಡದ್ದು ಅದೇ ವರ್ಷದ ಆಗಸ್ಟ್ 16ಕ್ಕೆ. ಎಂಟೇ ಎಂಟು ವಾರ ಮುಂಚೆ.

2021ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಸಾರ್ವಕಾಲಿಕ 500 ಶ್ರೇಷ್ಠ ಹಾಡುಗಳ ಪಟ್ಟಿ ಮಾಡಿ 'ರೆಸ್ಪೆಕ್ಟ್'ಗೆ ಮೊದಲ ಸ್ಥಾನ ಕೊಟ್ಟಿತು. ಸಂತೋಷ. ಅದೇ ವರ್ಷ, ಎಫ್‌ಎಂನವರೂ ಗಾಯಕರಿಗೆ ದುಡ್ಡು ಕೊಡಬೇಕು ಅನ್ನುವ ಮಸೂದೆ ಅಮೆರಿಕದ ಸಂಸತ್ತಿಗೆ ಬಂತು, ಪಾಸಾಗಲಿಲ್ಲ. ಆಮೇಲೂ ಬಂದಿದೆ. ಈ ಹಾಡನ್ನು ಹೊಗಳಿ ಬರೆಯುವ ಪ್ರತಿಯೊಬ್ಬರೂ ಆ ಮಸೂದೆಯ ಬಗ್ಗೆಯೂ ಎರಡು ಸಾಲು ಬರೆಯಲಿ ಅನ್ನುವುದು ನನ್ನ ಆಸೆ.