ಅಕ್ಕನ ಸ್ಟೋರ್ ರೂಮು, ನನ್ನ ಕಿಡ್ಸ್ ರೂಮು

ದಸರಾ ಗೊಂಬೆ ಕೂರಿಸುವ ಮರದ ಮೆಟ್ಟಿಲನ್ನು ಅಕ್ಕ ಮಗನ ಆಟದ ಕೋಣೆಗೆ ಎಳೆದು ತಂದಳು. ಅಮ್ಮ ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. "ಪಟ್ಟದ ಗೊಂಬೆ ಕೂರೋ ಜಾಗದಲ್ಲಿ ಪ್ಲಾಸ್ಟಿಕ್ ಜೆಸಿಬಿ ಇಡ್ತೀಯಾ?" ಅನ್ನುವುದು ಅಮ್ಮನ ತಕರಾರು. "ಹತ್ತು ದಿನ ಬಿಟ್ರೆ ವರ್ಷವೆಲ್ಲಾ ಅದು ಅಟ್ಟದ ಮೇಲೆ ಜೇಡ ಸಾಕ್ತಾ ಕೂತಿರುತ್ತಲ್ಲಮ್ಮ" ಅಂತ ಅಕ್ಕ. ನಾನು ಪುಣೆಯಿಂದ ರಜಕ್ಕೆ ಬಂದವನು. ಕಾಫಿ ಕುಡಿಯುತ್ತಾ ಸುಮ್ಮನಿದ್ದೆ. ಇವರಿಬ್ಬರ ನಡುವೆ ಬಾಯಿ ಹಾಕಬಾರದು ಅನ್ನುವಷ್ಟು ಬುದ್ಧಿ 11 ವರ್ಷ ಊರು ಬಿಟ್ಟಿದ್ದರೂ ಉಳಿದಿದೆ.

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆ ಹಳೇದು. ರೆಡ್ ಆಕ್ಸೈಡ್ ನೆಲ, ಎತ್ತರದ ಸಜ್ಜ, ಅಡುಗೆಮನೆ ಪಕ್ಕದಲ್ಲಿ 8 ಅಡಿಗೆ 7 ಅಡಿಯ ಒಂದು ಸ್ಟೋರ್ ರೂಮು. ಅದರೊಳಗೆ ಏನಿತ್ತು ಅನ್ನುವುದಕ್ಕಿಂತ ಏನಿರಲಿಲ್ಲ ಅಂತ ಕೇಳುವುದು ಸುಲಭ. ಹಿಡಿ ಮುರಿದ ಕುಕ್ಕರು, ಅಪ್ಪನ ಕಾಲದ ಪೇಪರ್ ಕಟ್ಟು, ಮೂರು ಕಾಲಿನ ಕುರ್ಚಿ. ಅದನ್ನೇ ಮಗನ ಆಟದ ಕೋಣೆ ಮಾಡಬೇಕು ಅಂತ ಅಕ್ಕ ಒಂದು ಭಾನುವಾರ ಎಲ್ಲವನ್ನೂ ಅಂಗಳಕ್ಕೆ ಹಾಕಿ ಗುಜರಿಯವನನ್ನು ಕರೆದಳು. ಬಂದದ್ದು 1,100 ರೂಪಾಯಿ. ಅದೇ ದುಡ್ಡಿಗೆ ಡಿಸ್ಟೆಂಪರ್ ಬಂತು. ಬಡಗಿಯ ಅರ್ಧ ದಿನದ ಕೂಲಿ, ಬಾಗಿಲ ಹಿಂದಿನ ಗೋಡೆಗೆ ಕರಿಹಲಗೆ ಬಣ್ಣ, ಬಂಬೂ ಬಜಾರಿನಿಂದ ನಾಲ್ಕು ಬಿದಿರಿನ ಮಂಕರಿ, ಕೂರುವುದಕ್ಕೆ ಮನೆಯಲ್ಲೇ ಇದ್ದ ಜಮಖಾನ. ಎಲ್ಲ ಸೇರಿ 5,000 ದಾಟಲಿಲ್ಲ.

ಈಗ ನನ್ನ ಕಥೆ. ಪುಣೆಯ ನಮ್ಮ ಫ್ಲಾಟಿನಲ್ಲೂ 9ಕ್ಕೆ 8 ಅಡಿಯ ಒಂದು ಕೋಣೆ ಖಾಲಿಯಿತ್ತು. ಖಾಲಿ ಅಂದರೆ ನಿಜವಾಗಿ ಖಾಲಿ, ಒಂದು ಹಳೇ ಡಬ್ಬ ಕೂಡ ಇರಲಿಲ್ಲ. ನಾನು ಮಾಡಿದ ಮೊದಲ ಕೆಲಸ ಇಂಟೀರಿಯರ್‌ನವರಿಗೆ ಫೋನು. ಅವರು 1,80,000 ಅಂದರು. ಚೌಕಾಸಿ ಮಾಡಿ 74,000ಕ್ಕೆ ಇಳಿಸಿದೆ, ಅದನ್ನೇ ಉಳಿತಾಯ ಅಂದುಕೊಂಡೆ. ಗೋಡೆಗೆ ಕಾಡಿನ ವಾಲ್‌ಪೇಪರ್, ಅಟ್ಟದಂಥ ಮಂಚ, ಅದಕ್ಕೊಂದು ಜಾರುಬಂಡೆ. ಮಗಳು ಒಂದು ವಾರ ಜಾರಿದಳು. ಈಗ ಮಳೆಗಾಲದಲ್ಲಿ ಅದರ ಮೇಲೆ ಟವೆಲ್ ಒಣಗುತ್ತದೆ.

ತಮಾಷೆ ಅಂದರೆ, ಅವಳು ಮೈಮರೆತು ಆಡಿದ್ದು ದೀಪಾವಳಿಯಲ್ಲಿ, ಕೆಳಗಿನ ಅಂಗಳದಲ್ಲಿ. ಮಹಾರಾಷ್ಟ್ರದಲ್ಲಿ ದೀಪಾವಳಿಗೆ ಮಕ್ಕಳು ಮಣ್ಣಿನ ಕೋಟೆ ಕಟ್ಟುತ್ತಾರೆ. ಕಲ್ಲು, ಇಟ್ಟಿಗೆ, ಗೋಣಿಚೀಲದ ಮೇಲೆ ಮಣ್ಣು ಮೆತ್ತಿ, ಕಾಳು ಚೆಲ್ಲಿ ಹಸಿರು ಬರಿಸಿ, ತುದಿಯಲ್ಲಿ ಶಿವಾಜಿ ಮಹಾರಾಜರನ್ನು ಕೂರಿಸುತ್ತಾರೆ. ಖರ್ಚು ಹೆಚ್ಚೂ ಕಡಿಮೆ ಸೊನ್ನೆ. ಹಾಗಾಗಿ ಇದು ಪುಣೆಯ ತಪ್ಪಲ್ಲ, ನನ್ನಂಥವರ ತಪ್ಪು. ಹೊರಗೆ ಹೋಗಿ ನೆಲೆ ನಿಂತವರಿಗೆ ಕೋಣೆ ಅಂದರೆ ತುಂಬಿಸಬೇಕಾದ್ದು. ಅಕ್ಕನಿಗೆ ಅದು ಖಾಲಿ ಮಾಡಬೇಕಾದ್ದು. ಮಕ್ಕಳ ಆಟದ ಕೋಣೆಗೆ ಜಾಸ್ತಿ ಬೇಕಾಗಿರುವುದು ನೆಲ, ಅಷ್ಟೇ. ಕಡಿಮೆ ದುಡ್ಡಿನಲ್ಲಿ ಮಾಡಬೇಕು ಅಂದರೆ ಮೊದಲು ಗುಜರಿಯವನನ್ನು ಕರೆಯಿರಿ, ಅಂಗಡಿಗೆ ಆಮೇಲೆ ಹೋಗಿ.

ಆ ಗೊಂಬೆ ಮೆಟ್ಟಿಲಿನ ವಿಷಯಕ್ಕೆ ಬರುತ್ತೇನೆ. ಐದು ಮೆಟ್ಟಿಲಿನದು. ಅಕ್ಕ ಮೇಲಿನ ಎರಡನ್ನು ಬಿಚ್ಚಿಸಿ, ಕೆಳಗಿನ ಮೂರನ್ನು ಮಾತ್ರ ಇಟ್ಟಿದ್ದಾಳೆ. ಮೂರು ವರ್ಷದ ಹುಡುಗನಿಗೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ಬಾಗಿಲು ಹಾಕಿದ ಕಪಾಟಿನಲ್ಲಿ ಈ ಸುಖ ಇಲ್ಲ. ಅದಕ್ಕಿಂತ ದೊಡ್ಡ ಉಪಾಯ ಇನ್ನೊಂದಿದೆ. ಆಟದ ಸಾಮಾನಿನಲ್ಲಿ ಮೂರನೇ ಒಂದು ಪಾಲು ಮಾತ್ರ ಹೊರಗೆ. ಉಳಿದದ್ದು ಮಂಕರಿಯಲ್ಲಿ, ಸಜ್ಜದ ಮೇಲೆ. ಹದಿನೈದು ದಿನಕ್ಕೊಮ್ಮೆ ಅದಲು ಬದಲು. ನಾನು ಇದನ್ನು ಯಾವುದೋ ಪೇರೆಂಟಿಂಗ್ ವಿಡಿಯೋದಲ್ಲಿ ನೋಡಿ ಹೊಸ ಜ್ಞಾನ ಅಂತ ಹೇಳಹೋದೆ. ಅಕ್ಕ ನಕ್ಕಳು. "ಪಟ್ಟದ ಗೊಂಬೇನ ಹಳೇ ಸೀರೆ ತುಂಡಲ್ಲಿ ಸುತ್ತಿ ವರ್ಷಪೂರ್ತಿ ಪೆಟ್ಟಿಗೇಲಿ ಇಡ್ತೀವಲ್ಲ, ಅದೇನು ಮತ್ತೆ? ತೆಗೆದಾಗ ನಿನ್ನ ಮುಖ ಹೆಂಗೆ ಅರಳ್ತಿತ್ತು, ನೆನಪಿಲ್ವಾ?" ನೆನಪಿದೆ. ದಿನಾ ಕಂಡಿದ್ದರೆ ಆ ರಾಜ ರಾಣಿಯನ್ನು ನಾನು ತಿರುಗಿಯೂ ನೋಡುತ್ತಿರಲಿಲ್ಲ.

ಗೊಂಬೆ ಹೊಸದಾಗಿ ಕೊಂಡದ್ದು ಕಡಿಮೆ. ಬೆಂಗಳೂರಿಗೆ ಹೋಗಿ ಬರುವಾಗ ಚನ್ನಪಟ್ಟಣದಲ್ಲಿ ಇಳಿದು ತಂದ ಗಿಲಕಿ, ಬುಗುರಿ, ಒಂದು ರೈಲು. ಆಲೆಮರದ್ದು. ಕಡೆಯುವ ಯಂತ್ರದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ನೆಲದ ಮೇಲೆ ಅಕ್ಕ ಬಿಳಿ ಬಣ್ಣದಲ್ಲಿ ಐದು ಐದು ಮನೆಯ ಚೌಕಾಬಾರ ಬರೆದಿದ್ದಾಳೆ. ಹುಡುಗ ಸದ್ಯಕ್ಕೆ ಅದರ ಮೇಲೆ ಕಾರು ಓಡಿಸುತ್ತಾನೆ. ಆಡುವವರು ಅಮ್ಮ ಮತ್ತು ಭಾವ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಆಟಗಳ ಹುಚ್ಚು ಜಾಸ್ತಿ ಇತ್ತಂತೆ. ಆ ಹುಚ್ಚು ಈ ಊರಿನಿಂದ ಇನ್ನೂ ಇಳಿದಿಲ್ಲ.

ಆದರೆ ಎಲ್ಲದಕ್ಕೂ ಮೈಸೂರೇ ಮೇಲು ಅಂತ ಹೇಳಲಾರೆ. ಕವಡೆ, ಹುಣಸೆಬೀಜ, ಗೋಲಿ ಎಲ್ಲ ಒಂದು ಲೋಟದಲ್ಲಿ ಹುಡುಗನ ಕೈಗೆ ಸಿಗುವಂತಿತ್ತು. ಮೂರು ವರ್ಷದ ಮಗುವಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಸಾಮಾನು. "ನೀವೆಲ್ಲ ಹುಣಸೆಬೀಜದಲ್ಲೇ ಆಡಿ ಬೆಳೆದದ್ದು" ಅಂದರು ಅಮ್ಮ. ಬೆಳೆದವರು ಹಾಗೆ ಹೇಳುತ್ತೇವೆ, ಅಲ್ವಾ? ಲೋಟ ಸಜ್ಜಕ್ಕೆ ಹೋಯಿತು. ಮೆಟ್ಟಿಲನ್ನು ಗೋಡೆಗೆ ಎರಡು ಕ್ಲಾಂಪ್ ಹಾಕಿ ಕಟ್ಟಿಸಿದೆ. ಕೈಗೆ ಎಟುಕಿದ್ದನ್ನು ಮಗು ಹತ್ತಿಯೇ ಹತ್ತುತ್ತದೆ.

ಕಿಟಕಿಯ ವಿಷಯಕ್ಕೆ ಮಾತ್ರ ನಾನು ಹಟ ಹಿಡಿದೆ. ಹಳೇ ಎನಾಮಲ್ ಬಣ್ಣ ಎದ್ದು ಬರುತ್ತಿತ್ತು, ಬಡಗಿ ಒಣ ಮರಳು ಕಾಗದ ಹಾಕಿ ಉಜ್ಜಲು ನಿಂತಿದ್ದ. ಮನೆಯ ಬಣ್ಣದಲ್ಲಿ ಸೀಸ (ಲೆಡ್ ಅನ್ನುವ ವಿಷದ ಲೋಹ) ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಬಣ್ಣದಲ್ಲಿ ಎಷ್ಟಿದೆಯೋ ಯಾರು ಕಂಡರು? ಒಣಗಿದ್ದನ್ನು ಉಜ್ಜಿದರೆ ಆ ಧೂಳು ಮಗುವಿನ ಕೈ, ಬಾಯಿ. ನೀರು ಹಾಕಿ ಒದ್ದೆ ಮಾಡಿ ಉಜ್ಜಿಸಿದೆ. ಆ ದಿನ ಹುಡುಗನನ್ನು ಭಾವ ಝೂಗೆ ಕರೆದುಕೊಂಡು ಹೋದರು. "ಪುಣೆಗೆ ಹೋಗಿ ಹೆದರುಪುಕ್ಕಲ ಆಗಿದೀಯ" ಅಂದಳು ಅಕ್ಕ. ಹೌದು, ಆಗಿದ್ದೇನೆ. ಈ ಒಂದು ಭಯವನ್ನು ಊರಿನವರು ನಮ್ಮಿಂದ ಸಾಲ ತೆಗೆದುಕೊಳ್ಳಬಹುದು.

ಇನ್ನೊಂದು ಕಾಯಿಲೆಯೂ ಇದೆ. ಊರಿನ ಮನೆಯಲ್ಲಿ ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಹೋದ ತಿಂಗಳು ವಿಡಿಯೋ ಕಾಲ್‌ನಲ್ಲಿ ನೋಡಿದೆ, ಕರಿಹಲಗೆಯ ಕೆಳಗೆ ಎರಡು ತೆಂಗಿನಕಾಯಿ ಚೀಲ ಬಂದು ಕೂತಿದ್ದವು. "ಇವತ್ತೊಂದು ದಿನ ಕಣೋ" ಅಂದಳು ಅಕ್ಕ. ಅವಳ ಮಗ ಚೀಲದ ಮೇಲೆ ಕೂತು ಬಸ್ಸು ಓಡಿಸುತ್ತಿದ್ದ.

ನವರಾತ್ರಿಗೆ ಮೆಟ್ಟಿಲು ಹಾಲ್‌ಗೆ ವಾಪಸು ಹೋಗಬೇಕು. ಅಮ್ಮನ ಜೊತೆ ಒಪ್ಪಂದ ಆಗಿರುವುದೇ ಹಾಗೆ. ಕೊನೇ ಮೆಟ್ಟಿಲಿನಲ್ಲಿ ಜೆಸಿಬಿಗೂ ಒಂದು ಮೂಲೆ ಕೊಡುತ್ತಾರಂತೆ.

ಇತ್ತ ನಾನು ಆ ಜಾರುಬಂಡೆ ಮಂಚವನ್ನು ಮಾರಲು ಹಾಕಿ ಮೂರು ವಾರವಾಯಿತು. ಬಂದು ನೋಡಿದವರೆಲ್ಲ ಅಳತೆ ಕೇಳಿ, ಟವೆಲ್ ನೋಡಿ ಹೋಗುತ್ತಾರೆ.